ತಂತಿ ಅಳಿಸಿದರು, ಹೆಸರು ಬರೆಯಲಿಲ್ಲ

ಇಸೋಯೆ ಅಮ್ಮನವರೇ, ನುಕಾಗಾ ತೊಕಿಜಿಯವರ ತಂಗಿ ನೀವು. ಈ ಕೋಣೆಯಲ್ಲಿ ಅವರ ರಕ್ತಸಂಬಂಧ ಅಂತ ಇರುವುದು ನೀವೊಬ್ಬರೇ. ಮೊದಲು ನಿಮಗೆ ತಲೆಬಾಗುತ್ತೇನೆ. ನಮ್ಮ ಚೋಫು ಊರಿನ ಈ ಓಣಿಯ ಸಂಘದ ಕೋಣೆಗೆ ಮಂಡಿನೋವು, ಬೆನ್ನುನೋವು ಹೊತ್ತುಕೊಂಡು ಬಂದಿರುವ ಹಳೆಯ ಸ್ಟುಡಿಯೋ ಸಂಗಾತಿಗಳೇ, ನಿಮಗೂ.

ಹೂವಿನಂಥ ಮಾತು ನನಗೆ ಬರುವುದಿಲ್ಲ. ಯಾವ ಮಾತು ಕೊಟ್ಟಿದ್ದರು, ಯಾವುದು ತಪ್ಪಿತು — ಅಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ಐವತ್ತು ವರ್ಷದ ಹಿಂದೆ 'ಶನಿಗಡಿಯ ಕಾವಲುಪಡೆ' ಎಂಬ ಟಿವಿ ಧಾರಾವಾಹಿ ಶುರುವಾದಾಗ ಕಂಪನಿ ನುಕಾಗಾಗೆ ಹೇಳಿತು: ನೀನು ಮೇಲೆ ನಿಂತು ಕೆಲಸ ಮಾಡುವ ಹಲಗೆಗೆ ಹಿಡಿದುಕೊಳ್ಳಲು ಕಂಬಿ ಹಾಕಿಸುತ್ತೇವೆ. ಹಾಕಿಸಲಿಲ್ಲ. ಜೊತೆಗೆ ಇನ್ನೊಬ್ಬ ಆಳು ಕೊಡುತ್ತೇವೆ. ಕೊಡಲಿಲ್ಲ. ಕೊನೆಯ ಕಂತಿನಲ್ಲಿ ದುಡಿದವರೆಲ್ಲರ ಹೆಸರೂ ತೆರೆಯ ಮೇಲೆ ಬರುತ್ತದೆ, ನಿನ್ನದೂ ಬರುತ್ತದೆ ಅಂದಿತು. ಎಲ್ಲರದೂ ಬಂತು — ಕ್ಯಾಂಟೀನಿನ ಅಜ್ಜಿಯದೂ ಬಂತು — ಅವನದು ಬರಲಿಲ್ಲ.

ನಮ್ಮ ಕಾರ್ಮಿಕ ಸಂಘವೂ ಒಂದು ಮಾತು ಕೊಟ್ಟಿತ್ತು. ನುಕಾಗಾನಂಥ ಹೊರಗುತ್ತಿಗೆಯವರನ್ನೂ ಒಳಗೆ ಸೇರಿಸಿಕೊಳ್ಳುತ್ತೇವೆ ಅಂತ. ಆ ಮಾತು ಕೊಟ್ಟವನು ಆಗಿನ ಕಾರ್ಯದರ್ಶಿ ಸೊನೆಹಾರಾ, ಅಂದರೆ ನಾನು. ಸೇರಿಸಲಿಲ್ಲ.

ಇನ್ನು ಮುಂದೆ 'ಅವನು' ಅಂತಲೇ ಅನ್ನುತ್ತೇನೆ, ಅಮ್ಮ. 'ಅವರು' ಅಂದರೆ ಬೇರೆ ಯಾರದೋ ಸಾವಿಗೆ ಬಂದ ಹಾಗಾಗುತ್ತದೆ.

ಅವನ ಕೆಲಸ ತಂತಿ. ಬಾಹ್ಯಾಕಾಶ ನೌಕೆ ಅಂತ ದೇಶದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದು ಮರ, ತಗಡು, ಬಣ್ಣ ಸೇರಿಸಿ ಮಾಡಿದ ಇಷ್ಟುದ್ದದ ಗೊಂಬೆ. ಅದನ್ನು ಆರು ಉಕ್ಕಿನ ತಂತಿಯಲ್ಲಿ ತೂಗುಬಿಟ್ಟು, ದೀಪಗಳಿಗಿಂತ ಮೇಲೆ, ಒಂದು ಹಲಗೆಯ ಮೇಲೆ ನಿಂತು ಹಾರಿಸುತ್ತಿದ್ದವನು ನುಕಾಗಾ. ಪ್ರತಿ ದೃಶ್ಯಕ್ಕೂ ಹಿಂದಿನ ಪರದೆಯ ಬಣ್ಣ ನೋಡಿ, ಅದೇ ಬಣ್ಣವನ್ನು ಬಟ್ಟೆಯಲ್ಲಿ ಅದ್ದಿ ತಂತಿಗೆ ಒರೆಸುತ್ತಿದ್ದ. ಆಮೇಲೆ ತಂತಿ ಇಲ್ಲ. ನೌಕೆ ಮಾತ್ರ.

ಆ ಹಲಗೆಯ ಮೇಲೆ ಕುಲುಮೆಯಂಥ ಸೆಕೆ. ಕೆಳಗೆ ಕಡಲಪಾಚಿಯ ಅಗರ್ ಅಂಟು ಕುದಿಸಿ ಹೆಪ್ಪುಗಟ್ಟಿಸಿದ ಸಮುದ್ರ. ಒಂದು ಹನಿ ಬೆವರು ಬಿದ್ದರೆ ಸಮುದ್ರಕ್ಕೆ ತೂತು. ಹಾಗಾಗಿ ಗದ್ದಕ್ಕೆ ಟವೆಲ್ಲು ಕಟ್ಟಿಕೊಂಡು, ಹಲ್ಲುನೋವಿನವನ ಹಾಗೆ ನಿಂತಿರುತ್ತಿದ್ದ. ಜೋರಾಗಿ ಉಸಿರು ಬಿಟ್ಟರೂ ನೌಕೆ ನಡುಗುತ್ತಿತ್ತು. ಅದಕ್ಕೆ ಉಸಿರನ್ನೂ ಅಳೆದು ಬಿಡುತ್ತಿದ್ದ. ಊಟದ ಹೊತ್ತಿಗೆ ನಾವೆಲ್ಲ ಕ್ಯಾಂಟೀನಿಗೆ ಓಡುತ್ತಿದ್ದೆವು. ಅವನು ಇಳಿಯುವ ಹಾಗಿಲ್ಲ — ಕೈ ಬಿಟ್ಟರೆ ಆರು ತಂತಿಯ ತೂಕ ಮತ್ತೆ ಮೊದಲಿಂದ ಸರಿ ಮಾಡಬೇಕು. ಬಕೆಟ್ಟಿನಲ್ಲಿ ಎರಡು ಅನ್ನದುಂಡೆ ಹಗ್ಗ ಕಟ್ಟಿ ಮೇಲೆ ಕಳಿಸುತ್ತಿದ್ದೆವು. ಎಂಟು ತಿಂಗಳು ಅವನು ಒಬ್ಬನೇ ಉಂಡ. ನಮ್ಮ ನಗು ಕ್ಯಾಂಟೀನಿನಿಂದ ಅವನಿಗೆ ಕೇಳಿಸುತ್ತಿತ್ತಂತೆ. ಯಾರ ಜೋಕಿಗೆ ನಗುತ್ತಿದ್ದೆವು ಅನ್ನುವುದು ಮಾತ್ರ ಕೇಳಿಸುತ್ತಿರಲಿಲ್ಲವಂತೆ.

ನಾನು ದೀಪದವನು. ನಮ್ಮ ಸ್ಟುಡಿಯೋದಲ್ಲಿ ಒಂದು ಕಟ್ಟಳೆ ಇತ್ತು, ನಿಮಗೆ ಗೊತ್ತು. ದೀಪ ಹಾಕುವ ಮುಂಚೆ, ಜರುಗಿಸುವ ಮುಂಚೆ, ಮೇಲಕ್ಕೆ ಕೂಗಬೇಕು. "ಸರಿ" ಅಂತ ಉತ್ತರ ಬಂದ ಮೇಲೆಯೇ ಸ್ವಿಚ್ಚು. ಒಂದು ಸಲ ಮರೆತಿದ್ದಕ್ಕೆ ಮೇಲಿನಿಂದ ಬೈದಿದ್ದ:

"ಏ ಸೊನೆಹಾರಾ, ಸಂಘದ ಮೀಟಿಂಗಲ್ಲಿ ಗಂಟಲು ಹರ್ಕೊಂಡು ಕೂಗ್ತೀಯಲ್ಲ, ಇಲ್ಲೊಂದು ಸಲ ಕೂಗೋಕೆ ನಿಂಗೇನು ಧಾಡಿ?"

ಹತ್ತೊಂಬತ್ತನೇ ಕಂತು. ತಾಯಿನೌಕೆ ಉರಿದುಹೋಗುವ ದೃಶ್ಯ. ಇದ್ದದ್ದು ಒಂದೇ ನೌಕೆ, ಒಂದೇ ಸಲ ಸುಡಬಹುದು. ಹಿಂದೆ ಕಪ್ಪು ಆಕಾಶ, ತಂತಿಗೆ ಕಪ್ಪು ಬಣ್ಣ. ಕ್ಯಾಮೆರಾ ತಿರುಗಲು ಅರ್ಧ ನಿಮಿಷ ಇದೆ ಅನ್ನುವಾಗ ನಿರ್ದೇಶಕ ಉನೋಕಿ ನನ್ನ ಕಿವಿಯಲ್ಲಿ, "ಪಕ್ಕದಿಂದ ಒಂದು ದೀಪ ಕೊಡಯ್ಯ, ಅಂಚು ಹೊಳೀಲಿ" ಅಂದ. ಕೊಟ್ಟೆ.

ಕೂಗಲಿಲ್ಲ.

ಕೂಗಿದ್ದರೆ ಅವನು "ಐದು ನಿಮಿಷ ತಡಿ" ಅನ್ನುತ್ತಿದ್ದ, ಹೊಳಪು ಹೋಗಲು ತಂತಿಗೆ ಪುಡಿ ಹಚ್ಚುತ್ತಿದ್ದ. ಅಷ್ಟೇ. ನೌಕೆಯ ಅಂಚು ಹೊಳೆಯಿತು, ಆರು ತಂತಿಯೂ ಹೊಳೆದವು. ನೌಕೆ ಸುಟ್ಟು ಬೂದಿಯಾಯಿತು. ಎರಡನೇ ಸಲ ತೆಗೆಯುವಂತಿರಲಿಲ್ಲ. ಹಾಗೇ ಪ್ರಸಾರ ಮಾಡಿದರು.

ನಿರ್ಮಾಣದ ಮ್ಯಾನೇಜರು ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದ: "ಯಾರ ತಪ್ಪಿದು?" ಉನೋಕಿ ನೆಲ ನೋಡಿದ. ನಾನೂ ನೋಡಿದೆ. ಮೇಲಿನಿಂದ ಒಂದು ದನಿ ಬಂತು — "ತಂತಿ ನಂದು."

ಎರಡೇ ಶಬ್ದ, ಗೆಳೆಯರೇ.

ಆಗ ಮುಷ್ಕರಕ್ಕೆ ಎಂಟು ದಿನ ಉಳಿದಿತ್ತು. ಸಂಘದವರನ್ನು ಹೊರಗೆ ಹಾಕಲು ಕಂಪನಿ ನೆಪ ಹುಡುಕುತ್ತಿತ್ತು. ನಾನು ಹೋದರೆ ಮುಷ್ಕರ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಮುಷ್ಕರ ಗೆದ್ದೆವು. ಹಣೆಗೆ ಕೆಂಪು ಪಟ್ಟಿ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡೆವು. ಹೊರಗುತ್ತಿಗೆಯವನಾದ್ದರಿಂದ ಅವನ ಪರ ನಿಲ್ಲಲು ಸಂಘಕ್ಕೆ ನಿಯಮವಿರಲಿಲ್ಲ. ಆ ನಿಯಮದ ಹಿಂದೆ ನಾನು ಅಡಗಿಕೊಂಡೆ. ಸರಿಯಾಗಿ ಕೇಳಿಸಿಕೊಳ್ಳಿ — ಕಂಪನಿ ಅವನ ಹೆಸರು ಹೊಡೆದುಹಾಕಿತು, ಪೆನ್ನು ಕೊಟ್ಟವನು ನಾನು.

ಆಮೇಲೆ ಯಾವ ಸ್ಟುಡಿಯೋವೂ ಅವನನ್ನು ಹಲಗೆ ಹತ್ತಿಸಲಿಲ್ಲ. ಮೂವತ್ತು ವರ್ಷ ಲಿಫ್ಟುಗಳ ಹಗ್ಗ ಪರೀಕ್ಷೆ ಮಾಡುವ ಕೆಲಸ. ಮದುವೆಯಿಲ್ಲ. ತಮಾ ನದಿಯ ಹತ್ತಿರ ಒಂದು ಕೋಣೆ. ಒಮ್ಮೆ ರೈಲಿನಲ್ಲಿ ಸಿಕ್ಕಿದ. ಎದುರಿಗೆ ಇಬ್ಬರು ಹುಡುಗರು ಇದೇ ಧಾರಾವಾಹಿ ಮಾತಾಡುತ್ತಿದ್ದರು.

"ಆ ತಂತಿ ನೋಡಿದ್ಯಾ? ಬಟ್ಟೆ ಒಣಗಿಸಬಹುದಿತ್ತು. ಹನ್ನೊಂದು ಸೆಕೆಂಡು ಕಾಣುತ್ತೆ."

"ಯಾವನೋ ಸೋಮಾರಿ ಕಣೋ."

ನುಕಾಗಾ ಮುಂದಕ್ಕೆ ಬಾಗಿ, ಬಹಳ ವಿನಯದಿಂದ, "ಏಳು ಸೆಕೆಂಡು, ಮರಿ" ಅಂದ. ಇಳಿಯುವಾಗ ನಾನು "ನುಕಾಗಾ, ಆವತ್ತು..." ಅಂತ ಶುರುಮಾಡಿದೆ. "ನಿನ್ನ ಸ್ಟೇಷನ್ ಬಂತು, ಇಳಿ" ಅಂದ. ಇಳಿದೆ. ಇಳಿಯಬಾರದಿತ್ತು.

ಮೊನ್ನೆ ಇಸೋಯೆ ಅಮ್ಮ ಹೇಳಿದರು: "ಅಣ್ಣ ಅದನ್ನ ಮರುಪ್ರಸಾರ ಮಾಡಿದಾಗೆಲ್ಲ ನೋಡ್ತಿದ್ದ. ಕೊನೇ ಕಂತಲ್ಲಿ ಹೆಸರು ಬರೋ ಹೊತ್ತಿಗೆ ಮಾತ್ರ ಎದ್ದು ಹೋಗಿ ಅಕ್ಕಿ ತೊಳೀತಿದ್ದ. ಒಬ್ಬನಿಗೆ ಎಷ್ಟು ಅಕ್ಕಿ? ಆದ್ರೂ ತೊಳೀತಾನೇ ಇರ್ತಿದ್ದ." ಯಾಕೆ ಅಂತ ಅವರಿಗೆ ಅವನು ಹೇಳಿರಲಿಲ್ಲ. ಅಮ್ಮ, ಯಾಕೆ ಅಂತ ಈಗ ನನ್ನ ಬಾಯಿಂದ ಕೇಳಿದಿರಿ. ಕ್ಷಮಿಸಿ ಅಂತ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದಿಲ್ಲ.

ಈಗ ಕಂಪನಿ ಐವತ್ತನೇ ವರ್ಷಕ್ಕೆ ಧಾರಾವಾಹಿಯನ್ನು ತೊಳೆದು, ತಿದ್ದಿ ಮತ್ತೆ ತರುತ್ತಿದೆ. ಕಂಪ್ಯೂಟರಿನಲ್ಲಿ ಆ ಏಳು ಸೆಕೆಂಡಿನ ತಂತಿ ಅಳಿಸಿದ್ದಾರೆ. ಇನ್ನು ಅವನ ಕೈ ಕೆಲಸ ಕಾಣುವ ಜಾಗ ಎಲ್ಲೂ ಇಲ್ಲ. ತಪ್ಪನ್ನು ಅಳಿಸಲು ಬಂದವರಿಗೆ ಹೆಸರು ಬರೆಯಲು ಬರುವುದಿಲ್ಲ! ಕೊನೆಯ ಕಂತಿನ ಹೆಸರುಪಟ್ಟಿ ಹೊಸದಾಗಿ ಬರೆಯುತ್ತಿದ್ದೀರಲ್ಲ, ನುಕಾಗಾ ಹೆಸರು ಸೇರಿಸಿ ಅಂತ ಪತ್ರ ಬರೆದೆ. ಉತ್ತರ ಬಂತು: 'ಕೆಲಸದ ಲೋಪಕ್ಕಾಗಿ ಹೆಸರು ಕೈಬಿಡಲಾಗಿದೆ ಎಂದು ಕಡತದಲ್ಲಿದೆ. ಲೋಪ ಬೇರೆಯವರದೆಂದು ಲಿಖಿತ ಹೇಳಿಕೆ ಇದ್ದಲ್ಲಿ ಪರಿಶೀಲಿಸಲಾಗುವುದು. ಮುಂದಿನ ತಿಂಗಳ ಮೊದಲ ಗುರುವಾರ ಪಟ್ಟಿ ಅಂತಿಮ.'

ಆ ಪತ್ರ ಕೈಗೆ ಬಂದ ದಿನ ನುಕಾಗಾ ಬದುಕಿದ್ದ, ಗೆಳೆಯರೇ. ಹೇಳಿಕೆ ಬರೆಯಲು ನಾನು ಒಂಬತ್ತು ದಿನ ತೆಗೆದುಕೊಂಡೆ. ಆರನೇ ದಿನ ಅವನು ಹೋದ. ಆಸ್ಪತ್ರೆಯ ಹಾಸಿಗೆಯಲ್ಲಿ, ಮಧ್ಯಾಹ್ನ, ಪಕ್ಕದ ಹಾಸಿಗೆಯವರನ್ನೆಲ್ಲ ನೋಡಲು ಜನ ಬಂದಿದ್ದ ಹೊತ್ತಿನಲ್ಲಿ.

ಹೇಳಿಕೆ ಇಲ್ಲಿದೆ. ನನ್ನ ಹೆಸರು, ನನ್ನ ಮೊಹರು, ನನ್ನ ತಪ್ಪು. ಉನೋಕಿ ಈಗಿಲ್ಲ. ಆವತ್ತು ಕೆಳಗೆ ನಿಂತು ಕಣ್ಣಾರೆ ನೋಡಿದವರು ಈ ಕೋಣೆಯಲ್ಲಿ ನಾಲ್ಕು ಜನ ಇದ್ದೀರಿ. ಹೆಸರು ಹಿಡಿದು ಕರೆಯುವುದಿಲ್ಲ. ನನ್ನ ಮೊಹರಿನ ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ.

ಈಗ ಎಲ್ಲರೂ ಎದ್ದು ನಿಲ್ಲಿ. ಮಂಡಿ ನೋಯುವವರು ಪಕ್ಕದವರ ಭುಜ ಹಿಡಿದುಕೊಳ್ಳಿ. ಒಂದು ನಿಮಿಷ ಮೌನ — ಒಂದೇ ನಿಮಿಷ, ಉಳಿದ ಮೌನವನ್ನು ನಾವು ಐವತ್ತು ವರ್ಷ ಮಾಡಿ ಮುಗಿಸಿದ್ದೇವೆ. ಆಮೇಲೆ ಯಾರೂ ಚಹಾಕ್ಕೆ ಕೂರಬೇಡಿ, ಸಾಲಾಗಿ ಬಂದು ಸಹಿ ಮಾಡಿ. ಮತ್ತೆ ಸೇರುವುದು ಕಂಪನಿಯ ಮುಂಬಾಗಿಲಲ್ಲಿ — ಪಟ್ಟಿ ಅಂತಿಮವಾಗುವ ಈ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.