ಒಂದು ಗಂಟೆಯ ಅಣ್ಣ

ಕೊರಿಯಾದ ಜೆಯೊಂಜು ಊರಿನ ನಮ್ಮ ಕಾಲೇಜು ಕ್ಯಾಂಟೀನು. ಮಧ್ಯಾಹ್ನದ ಸಾಲಿನಲ್ಲಿ ನನ್ನ ಮುಂದೆ ಮೊದಲ ವರ್ಷದ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ನಿಂತಿದ್ದರು. ಅವರಲ್ಲಿ ಬಿತ್ನಾ ಅನ್ನುವವಳು ಮೂರನೇ ಸಲಕ್ಕೆ ಪ್ರವೇಶ ಪರೀಕ್ಷೆ ದಾಟಿ ಬಂದವಳು. ಹಾಗಾಗಿ ಇನ್ನೊಬ್ಬಳಿಗೆ ಅಕ್ಕ.

“ಬಿತ್ನಾ ಅಕ್ಕ, ಗಣಿತ ಪಾಸಾ?”

“ಎಪ್ಪತ್ತೊಂದು ಕಣೇ! ಹೋದ್ಸಲ ಹದಿನೆಂಟು!”

“ಕಲಿಕಾ ಕೇಂದ್ರದಲ್ಲಿ ಹೇಳ್ಕೊಡೋ ಆ ಸಂಗ್ಯು ಹತ್ರ ಏನೂ ತಲೆಗೆ ಹತ್ತಲ್ಲ ಅಂತಿದ್ದೆ?”

“ಹೇಗೆ ಹತ್ತುತ್ತೆ? ಎರಡನೇ ವರ್ಷದವನಾದ್ರೂ ನನಗಿಂತ ಒಂದು ವರ್ಷ ಚಿಕ್ಕವನು. ನಾನು ಏನು ತಪ್ಪು ಬರೆದ್ರೂ ‘ಚೆನ್ನಾಗಿ ಯೋಚಿಸಿದೀರಿ ಅಕ್ಕಾ’ ಅಂತಿದ್ದ. ದೊಡ್ಡವಳಿಗೆ ತಪ್ಪು ಅನ್ನೋಕೆ ಬಾಯೇ ಬರಲ್ಲ, ಪಾಪ.”

“ಆಮೇಲೆ?”

“‘ನೋಡಪ್ಪಾ, ಇನ್ನೊಂದ್ಸಲ ಫೇಲಾದ್ರೆ ನನ್ನ ಸ್ಕಾಲರ್‌ಶಿಪ್ ಹೋಗುತ್ತೆ. ಈ ಕೋಣೇಲಿ ಒಂದು ಗಂಟೆ ನೀನೇ ಅಣ್ಣ, ಬೈಯಿ’ ಅಂದೆ.”

“ಬೈದ್ನಾ?”

“ಕಣ್ಣು ಮುಚ್ಕೊಂಡು ‘ತಪ್ಪು ಕಣೇ ದಡ್ಡಿ!’ ಅಂದ. ಅಂದವನೇ ಎದ್ದು ನಿಂತು ನಡು ಬಗ್ಗಿಸಿ ಕ್ಷಮೆ ಕೇಳಿದ. ಒಂದೊಂದು ಬೈಗುಳಕ್ಕೂ ಒಂದೊಂದು ಸಲ!”

“ಅಯ್ಯೋ, ನಗಿಸಬೇಡ, ಹೊಟ್ಟೆ ನೋಯ್ತಿದೆ!”

“ಏ, ಅಲ್ನೋಡು, ಕಿಮ್ಚಿ ಹಾಕಿಸ್ಕೊಳ್ತಿರೋನು ಅವನೇ! ಅಣ್ಣಾ! ಎಪ್ಪತ್ತೊಂದು!”

ಸಾಲಿಗೆ ಸಾಲೇ ತಿರುಗಿತು. ಆ ಹುಡುಗನ ಕಿವಿ ಕೆಂಪಾಯಿತು. ಅತ್ತಿತ್ತ ನೋಡಿ, ಕಣ್ಣು ಮುಚ್ಚಿಕೊಂಡು ಕೂಗಿದ: “ಮಿಕ್ಕ ಇಪ್ಪತ್ತೊಂಬತ್ತು ಎಲ್ಲಿ ಹೋಯ್ತೇ, ದಡ್ಡಿ?”

ಕೂಗಿದವನೇ ತಟ್ಟೆ ಸಮೇತ ನಡು ಬಗ್ಗಿಸಿದ. ಸಾರೆಲ್ಲ ನೆಲದ ಪಾಲು. ಹುಡುಗಿಯರಿಬ್ಬರೂ ಸಾಲು ಬಿಟ್ಟು ಅವನತ್ತ ಓಡಿದರು.