ಫಾದರ್ ಪದ್ಮರಾಜರ ಪಾಲಿನ ಕೋಳಿ

...ಅಷ್ಟೇಯಾ? ಮೂಡುಬಿದಿರೆಯಿಂದ ವಾಮದಪದವಿಗೆ ಬಸ್ಸಲ್ಲಿ ಬಂದದ್ದು ಇದೊಂದು ಕೇಳಲಿಕ್ಕಾ ಯಶೋಧಕ್ಕ? ಮಗಳ ಮದುವೆಯಲ್ಲಿ ನಿಮ್ಮ ತಮ್ಮ, ನಮ್ಮ ಫಾದರನ್ನು ಪಂಕ್ತಿಯಲ್ಲಿ ಕೂರಿಸಬಹುದಾ, ಅವರು ಕೋಳಿ ತಿಂತಾರಾ ಅಂತ... ಕೂತುಕೊಳ್ಳಿ, ಫಾದರ್ ಪೂಜೆ ಮುಗಿಸಿ ಬರುವುದರೊಳಗೆ ಹೇಳ್ತೇನೆ. ಈ ಚನಿಯಪ್ಪ ಇಪ್ಪತ್ತೆರಡು ವರ್ಷದಿಂದ ಇಗರ್ಜಿ ಮನೆಯ ಅಡಿಗೆಯವ. ನನಗೆ ಗೊತ್ತಿಲ್ಲದ್ದು ಉಂಟಾ?

ಜೈನರ ಹುಡುಗ ಪಾದ್ರಿಯಾದದ್ದು ದೊಡ್ಡದಲ್ಲ. ದೇವರ ಬಗ್ಗೆ ಇಷ್ಟು ದಪ್ಪದ ಏಳು ಪುಸ್ತಕ ಬರೆದರಲ್ಲ, ಅದು ದೊಡ್ಡದು. ಅದರಲ್ಲಿ ಅರ್ಧ ನಂದು. ಯಾಕೆ ನಗ್ತೀರಿ? ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಒಪ್ಪಿದೆ. ಆದರೆ ಒಮ್ಮೆ ರೋಮಿನಿಂದ ಹದಿನೇಳು ಪ್ರಶ್ನೆಯ ಕಾಗದ ಬಂತು. ಇರುವೆಗೆ ಆತ್ಮ ಉಂಟಾ ಅಂತ ಒಂದು. ಫಾದರ್ ಮೂರು ದಿನ ತಲೆ ಕೆರೆದರು. ನಾನು ತೆಂಗಿನಕಾಯಿ ತುರಿಯುತ್ತಾ, "ಸಕ್ಕರೆ ಡಬ್ಬಿ ಹುಡುಕುವ ಬುದ್ಧಿ ಉಂಟಲ್ಲ, ಆತ್ಮ ಇಲ್ಲದೆ ಇರ್ತದಾ?" ಅಂದೆ. ಹಾಗೇ ಬರೆದು ಕಳಿಸಿದರು. ರೋಮು ತೆಪ್ಪಗಾಯ್ತು.

ಮತ್ತೊಮ್ಮೆ ಚಿರತೆ ಬಂತು. ಸೌಟು ತೋರಿಸಿದೆ, ಕೊಕ್ಕಡದವರೆಗೆ ಓಡಿತು. ಅಂದಿನಿಂದ ಈ ಮನೆಗೆ ಒಂದು ಬೆಕ್ಕೂ ಕಾಲಿಟ್ಟಿಲ್ಲ.

ಕೋಳಿಯಾ? ಬಂದೆ, ಬಂದೆ. ಫಾದರ್‌ಗೆ ಈಗಲೂ ಸೂರ್ಯ ಮುಳುಗುವ ಮೊದಲೇ ಊಟ. ನೀರುಳ್ಳಿ ಕೂಡ ಇಲ್ಲ. ಏನು? ಪ್ರತಿ ಆದಿತ್ಯವಾರ ಪಕ್ಕದ ಮನೆಯ ಸೆಲಿನ್ ಬಾಯಿ ಕಳಿಸುವ ಕೋಳಿ ಸುಕ್ಕ ಅವರು ಚಪ್ಪರಿಸಿ ತಿಂತಾರೆ ಅಂತ ಸುದ್ದಿಯಾ? ಮೂಡುಬಿದಿರೆಗೂ ಮುಟ್ಟಿತಾ? ಛೆ... ಆ ಸೆಲಿನ್ ಬಾಯಿಗೆ ಯಾರೋ ಸುಳ್ಳು ಹೇಳಿರಬೇಕು.

ಅಕ್ಕ, ಆ ಪಾತ್ರೆಯ ಮುಚ್ಚಳ ತೆಗೆಯಬೇಡಿ... ತೆಗೆದಿರಾ. ಹೌದು, ಇವತ್ತಿನ ಕೋಳಿ ಸುಕ್ಕವೇ, ಅರ್ಧ ಖಾಲಿ. ಬೆಕ್ಕು ತಿಂದಿರಬೇಕು.



ಹೀಗೆ ನೋಡಬೇಡಿ ಮಾರಾಯ್ರೆ, ಆ ಚಿರತೆ ಕೂಡ ಹೀಗೆ ನೋಡಿರಲಿಲ್ಲ. ಎಂತ, ಮೀಸೆಯಲ್ಲಿ ಮಸಾಲೆ ಉಂಟಾ?

...ಫಾದರ್ ಮುಟ್ಟುವುದಿಲ್ಲ ಅಂದರೆ ಬಾಯಿ ಕಳಿಸುವುದು ನಿಲ್ಲಿಸ್ತಾರಲ್ಲ. ಅದಕ್ಕೆ ಪ್ರತಿ ಸೋಮವಾರ ಪಾತ್ರೆ ತೊಳೆದು ಕೊಡುವಾಗ, ಫಾದರ್ ಮೂರು ಸಲ ಹಾಕಿಸಿಕೊಂಡರು ಅಂತ ಹೇಳ್ತಿದ್ದೆ. ಇಪ್ಪತ್ತೆರಡು ವರ್ಷ. ನೀವು ಅವರನ್ನು ಊಟಕ್ಕೆ ಕರೆಯದೆ ಇದ್ದದ್ದು ಇದಕ್ಕೇ ಅಂತ ನನಗೆ ಗೊತ್ತಿರಲಿಲ್ಲ... ಸ್ವಲ್ಪ ಗೊತ್ತಿತ್ತು.

ಬಿಸಿಲಿರುವಾಗಲೇ ಅವರಿಗೆ ಎಲೆ ಹಾಕಿ ಅಕ್ಕ, ನಿಮ್ಮ ಪಕ್ಕದಲ್ಲೇ. ಸೆಲಿನ್ ಬಾಯಿಗೆ ನಾನೇ ಸತ್ಯ ಹೇಳ್ತೇನೆ.

ಮುಂದಿನ ಆದಿತ್ಯವಾರ ಕಳೆದ ಮೇಲೆ.