ಕುಪ್ಪೇಲೂರಿನ ಸಭಾಕ್ಕೊಂದು ನಗಿ

ಏ, ಅದನ್ನ ಹೊಡದಹಾಕು ಸ್ನೇಹಾ! ಮದವಿ ಮನ್ಯಾಗಿನ ನಗಿಚಾಟಿಕಿ ತಂದು ಹೆಡ್‌ಮಾಸ್ತರ ನಿವೃತ್ತಿ ಸಭಾದಾಗ ಹೇಳ್ತಾರೇನ? ಯಾಕ ನಗ್ತಿ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ... ಮೂವತ್ತು ವರ್ಷ ಮೈಕ್ ಹಿಡದು ಸಭಾ ನಡಸಿದಾಂವ ಈ ರುದ್ರಮುನಿ! ಮೊದಲ ಮಂದಿ ನಗಬೇಕು, ಆಮ್ಯಾಲ ಸ್ವಾಗತ.

ಬ್ಯಾಡಗ್ಯಾಗ ಮೆಣಸಿನಕಾಯಿ ವ್ಯಾಪಾರಸ್ಥರ ಸಭಾ ಇದ್ರ ಏನಂತಿದ್ದೆ? ‘ನನ್ನ ಭಾಷಣಕ್ಕ ಅಳಾಕತ್ತೀರೋ, ಘಾಟಿಗೆ ಅಳಾಕತ್ತೀರೋ? ಮೊದಲ ಕಣ್ಣ ಒರಸ್ಕೊಳ್ರಿ!’ ಬಿದ್ದ ಬಿದ್ದ ನಗ್ತಿದ್ರು. ನುಡಿನಮನ ಇದ್ರ ಮಾತ್ರ ಹಾಸ್ಯದ ಗೊಡವಿ ಬ್ಯಾಡ... ಹಾಂ, ಬರಕೋ.

ಈಗೇನವಾ, ಕರ್ಜಗಿಯಿಂದ ಕುಮಾರಪಟ್ಟಣದ ತನಕ ನಿನ್ನನ್ನ ಕರೀತಾರ. ‘ಸ್ನೇಹಾ ಮೇಡಂ, ಸ್ನೇಹಾ ಮೇಡಂ!’ ನನಗೇನ ಹೊಟ್ಟಿಕಿಚ್ಚಿಲ್ಲ... ಕಲಿಸಿದಾಂವ ನಾನ ಅಲ್ಲೇನ? ಹೋದ ತಿಂಗಳ ಹಾವೇರ್ಯಾಗ ನನ್ನನ್ನ ಮುಂದಿನ ಸಾಲಿನ್ಯಾಗ ಕುಂಡ್ರಿಸಿ, ನಿನ್ನ ಮಾತಿಗೆ ಚಪ್ಪಾಳಿ ಹೊಡಸಿದ್ರು. ಹೊಡದೆ. ನಿನಗ ಕಲಿಸಿದಾಂವ ಇಲ್ಲೇ ಕುಂತಾನ ಅಂತ ಒಬ್ಬರೂ ಅನ್ನಲಿಲ್ಲ.

ಇರ್ಲಿ ಬಿಡು. ನಾಳೆ ಕುಪ್ಪೇಲೂರಾಗ ಹಾಲೇಶಪ್ಪ ಮಾಸ್ತರ್ರ ನಿವೃತ್ತಿ ಹೌದಲ್ಲ? ಇದನ್ನ ಹೇಳು. ‘ಮಾಸ್ತರ್ರು ನಿವೃತ್ತಿ ಆಗಿಲ್ರಿ, ಮನೀಗೆ ವರ್ಗಾ ಆಗ್ಯಾರ! ಇನ್ನಮ್ಯಾಲ ರೇಣುಕವ್ವಾರ ಹೆಡ್‌ಮಾಸ್ತರ್ರು, ರಜಾ ಕೇಳಂಗಿಲ್ಲ!’ ಹಿಂಗಂದು ಆ ರೇಣುಕವ್ವನ್ನ, ಮಾಸ್ತರ್ರ ಹೇಣ್ತೀನ್ನ, ಎಬ್ಬಿಸಿ ನಿಂದ್ರಿಸಿ ಚಪ್ಪಾಳಿ ಹೊಡಸು. ಸಭಾ ನಿನ್ನ ಕೈಯಾಗ!

ಯಾಕ, ಪೆನ್ನ ಯಾಕ ಕೆಳಗಿಟ್ಟಿ? ಛಲೋ ಇಲ್ಲೇನ? ಬ್ಯಾರೇದ ಹೇಳ್ಲೇನ? ...ಹಿಂಗ ನೋಡಬ್ಯಾಡ. ಬಯ್ಯೂದಿದ್ರ ಬಯ್ಯಿ.

ಅಯ್ಯ... ಏನಂದಿ? ಕುಪ್ಪೇಲೂರಾಗ ಮೊದಲ ವಿಚಾರಸ್ಕೊಂಡ ಬಂದೀಯೇನ? ಗೊತ್ತಿದ್ದೂ, ಈ ಮುದುಕ ಖರೇ ಹೇಳ್ತಾನೋ ಇಲ್ಲೋ ನೋಡೂನು ಅಂತ ಕುಂತೀಯೇನ?

ಏಳಬ್ಯಾಡ, ತಡಿ. ಹೌದವಾ... ಹೌದು, ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು. ತುಂಬಿದ ಸಭಾದಾಗ ಮಂದಿ ನಿನ್ನ ಮಾರಿ ಮ್ಯಾಲ ಒಂದ ಸಲ ಉಗಳಲಿ ಅಂತ ಇತ್ತು. ರೇಣುಕವ್ವ ತೀರಿಕೊಂಡು ಎರಡು ತಿಂಗಳಾತು. ಮಣ್ಣಿಗೆ ನಾನೂ ಹೋಗಿದ್ದೆ. ಹಾಲೇಶಪ್ಪ ನನ್ನ ಹೆಗಲಿಗೇ ತಲಿ ಆನಿಸಿ ಅತ್ತಿದ್ದ.